ಬಾಡಿಗೆ ಕಾಯ್ದೆ ಪರಿಷ್ಕರಣೆ: ಸರ್ಕಾರಕ್ಕೆ ಕಳಿಸುವ ಸಲಹಾ ಪತ್ರದಲ್ಲಿ ಏನೇನು ಇರಬೇಕು?

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ನಿವಾಸಿಗಳ ಸಂಘದಲ್ಲಿ ಮನೆ ಮಾಲೀಕರೂ ಇದ್ದಾರೆ, ಬಾಡಿಗೆದಾರರೂ ಇದ್ದಾರೆ. ಕರ್ನಾಟಕದ ಬಾಡಿಗೆ ಕಾಯ್ದೆಯನ್ನು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಗೆ ಹೊಂದುವಂತೆ ಪರಿಷ್ಕರಿಸಿ ಎಂದು ಸರ್ಕಾರಕ್ಕೆ ಸಲಹಾ ಪತ್ರ ಕಳಿಸಬೇಕೆಂದು ತೀರ್ಮಾನವಾಗಿದೆ. ಕರಡು ಬರೆಯುವ ಹೊಣೆ ನನ್ನದು. ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಅಡ್ವಾನ್ಸ್ ಎರಡು ತಿಂಗಳಿಗೆ ಇಳಿಸಿ ಅಂತ ಬರೀರಿ, ಸಾಕು." ಅಷ್ಟಕ್ಕೇ ಮುಗಿಯುವ ವಿಷಯ ಅಂತ ನನಗೆ ಅನ್ನಿಸುತ್ತಿಲ್ಲ.

ತಿಳಿದವರು ದಯವಿಟ್ಟು ಹೇಳಿ. ಈಗ ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಗೆ ಅನ್ವಯಿಸುವ ಕಾನೂನು ಯಾವುದು? 1999ರ ಬಾಡಿಗೆ ಕಾಯ್ದೆಯೇ? ಮಾದರಿ ಕಾಯ್ದೆಯನ್ನು ಹಾಗೇ ತಂದರೆ ಭೋಗ್ಯಕ್ಕೆ ಹಾಕಿಸಿಕೊಂಡವರ ಗತಿಯೇನು? ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಅದರಿಂದ ನಿಲ್ಲುತ್ತದೆಯೇ? ಪತ್ರ ಎರಡು ಪುಟ ಮೀರಬಾರದು ಅಂತಲೂ ಷರತ್ತಿದೆ.

ಕಲಂ ಹುಡುಕುವವ:

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, 1999ರ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. ಪತ್ರ ಶುರುವಾಗಬೇಕಾದದ್ದು ಇಲ್ಲಿಂದಲೇ, ಅಡ್ವಾನ್ಸಿನಿಂದ ಅಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ. ಅದರ ಕಲಂ 2(3) ಯಾವ ಯಾವ ಕಟ್ಟಡಗಳಿಗೆ ಕಾಯ್ದೆ ಅನ್ವಯಿಸದು ಎಂದು ಪಟ್ಟಿ ಕೊಡುತ್ತದೆ. ಮೊದಲನೇ ಅನುಸೂಚಿಯ 'ಎ' ಭಾಗದಲ್ಲಿರುವ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ್ದರೆ, ಉಳಿದ ಕಡೆ 2,000 ದಾಟಿದ್ದರೆ ಕಾಯ್ದೆ ಹೊರಗೆ. ಇವತ್ತು ಬೆಂಗಳೂರಿನಲ್ಲಿ ಒಂದು ಕೋಣೆ ಕೂಡ 3,500ಕ್ಕೆ ಸಿಗುವುದಿಲ್ಲ. ಹಾಗಾಗಿ ಬಾಡಿಗೆ ಕಾಯ್ದೆ ಎಂಬ ಹೆಸರಿನ ಕಾಯ್ದೆ ನಗರದ ಬಹುಪಾಲು ಬಾಡಿಗೆದಾರರನ್ನು ಮುಟ್ಟುವುದೇ ಇಲ್ಲ. ಮಾಲೀಕರಿಗೂ ಅದರ ಕಲಂ 27ರ ತೆರವು ಕಾರಣಗಳು ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಲ್ಲಿ ನಿಮಗೆ ಬೇಕಾದ ನಾಲ್ಕು ಕಲಂ:

ಕಲಂ 106: ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದು. ಯಾರು ಬೇಕಾದರೂ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು, ಕಾರಣ ಹೇಳಬೇಕಾಗಿಲ್ಲ.

ಕಲಂ 107: ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ಹುಟ್ಟಿದ್ದೇ ಇದರಿಂದ.

ಕಲಂ 113: ನೋಟಿಸಿನ ಅವಧಿ ಮುಗಿದ ಮೇಲಿನ ದಿನಗಳಿಗೆ ಮಾಲೀಕರು ಬಾಡಿಗೆ ಅಂತ ಹಣ ತೆಗೆದುಕೊಂಡರೆ ನೋಟಿಸ್ ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ ದಾರಿಯಾಗುತ್ತದೆ. ಈಗ ಬಾಡಿಗೆ ಯುಪಿಐನಲ್ಲಿ ತಾನಾಗಿ ಬಂದು ಬೀಳುತ್ತದೆ, ಮಾಲೀಕರು ಗಮನಿಸುವುದೇ ಇಲ್ಲ. ನೋಟಿಸ್ ಕೊಟ್ಟವರು ಬಂದ ಹಣವನ್ನು ಬಾಡಿಗೆ ಎಂದಲ್ಲ, ಬಳಕೆಯ ಪರಿಹಾರ ಎಂದು, ಹಕ್ಕಿಗೆ ಬಾಧೆಯಿಲ್ಲದಂತೆ ಜಮಾ ಮಾಡಿಕೊಂಡಿದ್ದೇವೆ ಅಂತ ಲಿಖಿತವಾಗಿ ತಿಳಿಸಿರಬೇಕು.

ಕಲಂ 116: ಅವಧಿ ಮುಗಿದರೂ ಬಾಡಿಗೆದಾರರು ಅಲ್ಲೇ ಇದ್ದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ.

ಇದರಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಮೂರು ವರ್ಷದ ಕರಾರನ್ನು ಸ್ಟ್ಯಾಂಪ್ ಕಾಗದದ ಮೇಲೆ ಬರೆದು, ನೋಟರಿ ಮಾಡಿಸಿ, ನೋಂದಾಯಿಸದೆ ಇಟ್ಟುಕೊಳ್ಳುತ್ತಾರೆ. ನೋಟರಿ ಮೊಹರು ನೋಂದಣಿ ಆಗುವುದಿಲ್ಲ. 1908ರ ನೋಂದಣಿ ಕಾಯ್ದೆಯ ಕಲಂ 49ರ ಪ್ರಕಾರ ಅಂಥ ಪತ್ರದ ಷರತ್ತುಗಳನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಸ್ವಾಧೀನ ಯಾವ ರೀತಿಯದು ಎಂಬಂಥ ಪೂರಕ ಉದ್ದೇಶಕ್ಕೆ ಮಾತ್ರ ನೋಡಬಹುದು. ಆಗ ಮೂರು ವರ್ಷ, ಲಾಕ್-ಇನ್ (ಇಂತಿಷ್ಟು ಅವಧಿ ಬಿಡುವಂತಿಲ್ಲ ಎಂಬ ಷರತ್ತು), ಎರಡು ತಿಂಗಳ ನೋಟಿಸ್ ಎಲ್ಲವೂ ಬಿದ್ದುಹೋಗಿ ಎರಡೂ ಕಡೆಯವರು ಮತ್ತೆ 15 ದಿನದ ನೋಟಿಸಿಗೆ ಬಂದು ನಿಲ್ಲುತ್ತಾರೆ. ಸ್ಟ್ಯಾಂಪ್ ಶುಲ್ಕ ಕಡಿಮೆ ಕಟ್ಟಿದ್ದರೆ ಅದು ಬೇರೆ ಹೊಡೆತ: ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ ಕಲಂ 34ರಡಿ ಕೊರತೆಯ ಜತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಪತ್ರ ನ್ಯಾಯಾಲಯದ ಮುಂದೆ ನಿಲ್ಲುವುದು.

ಆದ್ದರಿಂದ ಪತ್ರದ ಮೊದಲ ಬೇಡಿಕೆ ಹೀಗಿರಲಿ: 3,500/2,000 ಮಿತಿಯನ್ನು ತೆಗೆದುಹಾಕಿ, ಬಾಡಿಗೆ ಎಷ್ಟೇ ಇರಲಿ ವಾಸದ ಮನೆಗಳೆಲ್ಲ ಒಂದೇ ಕಾಯ್ದೆಯಡಿ ಬರಲಿ. ಈ ಸಾಲು ಇಲ್ಲದೆ ಅಡ್ವಾನ್ಸ್ ಮಿತಿ ಕೇಳಿದರೆ, ಆ ಮಿತಿ ಕೂಡ 3,500ರ ಒಳಗಿನ ಮನೆಗಷ್ಟೇ ಸಿಕ್ಕೀತು.

ಬೀಗದಕೈ:

ಮೇಲಿನವರು ಹೇಳಿದ್ದು ಸರಿ. ಮಾದರಿ ಕಾಯ್ದೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಜೂನ್ 2ರಂದು. ಅದು ರಾಜ್ಯಗಳಿಗೆ ನಮೂನೆ ಮಾತ್ರ. ರಾಜ್ಯದ ಶಾಸನಸಭೆ ಅಂಗೀಕರಿಸುವವರೆಗೆ ಇಲ್ಲಿ ಅದಕ್ಕೆ ಯಾವ ಬಲವೂ ಇಲ್ಲ. "ಕೇಂದ್ರದ ಕಾನೂನು ಬಂದಿದೆ, ಎರಡೇ ತಿಂಗಳು ಕೊಡ್ತೀವಿ" ಅಂತ ಮಾಲೀಕರ ಜತೆ ವಾದ ಮಾಡುವವರಿಗೆ ಈ ಮಾತು.

ಅಡ್ವಾನ್ಸ್ ಬಗ್ಗೆ ಮಾಲೀಕರ ಕಡೆಯ ಲೆಕ್ಕವನ್ನೂ ನೋಡಿ, ಇಲ್ಲದಿದ್ದರೆ ನಿಮ್ಮ ಸಂಘದ ಅರ್ಧ ಜನ ಸಹಿ ಹಾಕುವುದಿಲ್ಲ. ಮಾದರಿ ಕಾಯ್ದೆಯಲ್ಲಿ ವಾಸದ ಮನೆಗೆ ಠೇವಣಿ, ಅಂದರೆ ಅಡ್ವಾನ್ಸ್, ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ, ವಾಣಿಜ್ಯ ಕಟ್ಟಡಕ್ಕೆ ಆರು ತಿಂಗಳು. 25,000ದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ 2,50,000 ಇದ್ದದ್ದು 50,000ಕ್ಕೆ ಇಳಿಯುತ್ತದೆ. ಈಗ ಅದೇ ಕಾಯ್ದೆಯ ತೆರವಿನ ಕಲಂ 21 ಓದಿ. ಸತತ ಎರಡು ತಿಂಗಳು ಬಾಡಿಗೆ ಬಾಕಿಯಾಗಬೇಕು, ಮಾಲೀಕರು ಬೇಡಿಕೆ ನೋಟಿಸ್ ಕೊಡಬೇಕು, ನೋಟಿಸ್ ಆದ ಮೇಲೂ ಒಂದು ತಿಂಗಳು ಕಟ್ಟದಿದ್ದರೆ ಆಗ ಅರ್ಜಿ. ಅಂದರೆ ಅರ್ಜಿ ಹಾಕುವ ಹೊತ್ತಿಗೇ ಮೂರು ತಿಂಗಳ ಬಾಡಿಗೆ, 75,000, ಬಾಕಿ ನಿಂತಿರುತ್ತದೆ. ಠೇವಣಿ ಅಷ್ಟರಲ್ಲೇ ಕರಗಿ ಇನ್ನೂ 25,000 ಬರಬೇಕಿರುತ್ತದೆ. ವಿಚಾರಣೆ ಎಷ್ಟು ತಿಂಗಳು ಎಳೆಯುತ್ತದೋ ಅಷ್ಟೂ ಮಾಲೀಕರ ಕೈಯಿಂದ, ವಿದ್ಯುತ್ ಬಿಲ್ ಬಾಕಿ ಬೇರೆ.

ಹಾಗಾಗಿ ಠೇವಣಿ ಮಿತಿ ಮತ್ತು ವಿಚಾರಣೆಯ ಗಡುವು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬೇಕು. ತಮಿಳುನಾಡಿನ 2017ರ ಕಾಯ್ದೆ ಮೂರು ತಿಂಗಳು ಅಂತ ಇಟ್ಟುಕೊಂಡಿದೆ. ನನ್ನ ಪ್ರಕಾರ ಆ ಮೂರೇ ನ್ಯಾಯವಾದದ್ದು, ಮೇಲಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಎರಡು ಬೇಕೇ ಬೇಕು ಅನ್ನುವವರು ಬಾಕಿ ನೋಟಿಸಿನ ಅವಧಿ ಕಡಿಮೆ ಮಾಡಲು ಒಪ್ಪಬೇಕು.

ಅವಧಿ ಮುಗಿದರೂ ಬಿಡದವರಿಗೆ ಮಾದರಿ ಕಾಯ್ದೆಯಲ್ಲಿ ಬಿಗಿ ಇದೆ: ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ನಿಮ್ಮ ಉದಾಹರಣೆಯಲ್ಲಿ ತಿಂಗಳಿಗೆ 50,000, ನಂತರ 1,00,000. ಕಾಗದದ ಮೇಲೆ ಜೋರಾಗಿದೆ. ಆದರೆ ಬಾಡಿಗೆಯೇ ಕಟ್ಟದವರಿಂದ ನಾಲ್ಕು ಪಟ್ಟು ವಸೂಲಾಗುವುದು ಸುಲಭವಲ್ಲ. ಮಾಲೀಕರಿಗೆ ಬೇಕಾದದ್ದು ಬೇಗ ಕೀಲಿ ಕೈಗೆ ಬರುವುದು.

ಮಹಡಿಮನೆ:

ಈ ಮೂರು ತಿಂಗಳ ಲೆಕ್ಕ ಸಭೆಯಲ್ಲಿ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. ಅಡ್ವಾನ್ಸ್ ವಾಪಸ್ ಕೊಡುವ ಗಡುವು ಮಾದರಿ ಕಾಯ್ದೆಯಲ್ಲಿ ಇದೆಯೇ? ನಮ್ಮಲ್ಲಿ ಜಗಳ ಹೆಚ್ಚು ಆಗುವುದು ಮೊತ್ತಕ್ಕಲ್ಲ, ವಾಪಸಾತಿಗೆ.

ಕಲಂ ಹುಡುಕುವವ:

ಇದೆ. ಕಲಂ 11: ಮನೆಯ ಖಾಲಿ ಸ್ವಾಧೀನ ಪಡೆಯುವ ದಿನವೇ, ಬಾಡಿಗೆದಾರರ ಬಾಕಿಗಳನ್ನು ಕಳೆದು ಠೇವಣಿ ಹಿಂತಿರುಗಿಸಬೇಕು. ಆದರೆ ಆ ಕಲಂನಲ್ಲಿ ಎರಡು ತೂತುಗಳಿವೆ. ಬಾಕಿ ಎಷ್ಟು ಎಂಬುದನ್ನು ಯಾವ ದಾಖಲೆಯಿಂದ ನಿರ್ಧರಿಸುವುದು ಅಂತ ಹೇಳಿಲ್ಲ. ಅದೇ ದಿನ ಕೊಡದಿದ್ದರೆ ಬಡ್ಡಿಯ ಮಾತೂ ಅಲ್ಲಿಲ್ಲ. ಪತ್ರದಲ್ಲಿ ಇವಕ್ಕೆ ವಾಕ್ಯವನ್ನೇ ಬರೆದು ಕೊಡಿ: ಮನೆ ಸೇರುವ ದಿನ ಮತ್ತು ಬಿಡುವ ದಿನ ಇಬ್ಬರೂ ಸಹಿ ಮಾಡಿದ ಸ್ಥಿತಿ ಪಟ್ಟಿ ಕರಾರಿನ ಅನುಬಂಧವಾಗಿರಬೇಕು. ಪಟ್ಟಿಯಲ್ಲಿ ಇಲ್ಲದ ಹಾನಿಗೆ ಕಡಿತವಿಲ್ಲ. ಕಡಿತಕ್ಕೆ ರಸೀದಿ ಬೇಕು. ತಡವಾದ ಪ್ರತಿ ತಿಂಗಳಿಗೆ ಇಂತಿಷ್ಟು ಬಡ್ಡಿ.

ಕಾನೂನು ಬರುವವರೆಗೂ ಕಾಯಬೇಕಿಲ್ಲ, ಸ್ಥಿತಿ ಪಟ್ಟಿಯನ್ನು ಇವತ್ತಿನ ಕರಾರಿಗೇ ಸೇರಿಸಬಹುದು. ಕೋಣೆವಾರು ಗೋಡೆ, ನೆಲ, ಬಾಗಿಲು, ಕಿಟಕಿ ಗಾಜು. ಫ್ಯಾನ್, ಲೈಟ್, ಗೀಸರ್ ಎಷ್ಟು, ಯಾವ ಕಂಪನಿಯದು, ನಡೆಯುತ್ತಿದೆಯೇ. ನಲ್ಲಿ ಮತ್ತು ಫ್ಲಶ್ ಸೋರುತ್ತಿದೆಯೇ. ವಿದ್ಯುತ್ ಮೀಟರ್ ರೀಡಿಂಗ್. ಕೀಲಿಗಳ ಸಂಖ್ಯೆ. ಇದಿಷ್ಟು, ಜತೆಗೆ ದಿನಾಂಕ ಕಾಣುವ ಫೋಟೋ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದಾಗಿ ಕೊಟ್ಟರೆ ಮೊತ್ತವನ್ನು ಕರಾರಿನಲ್ಲಿ ಪೂರ್ತಿ ನಮೂದಿಸಿ. ಬಾಡಿಗೆ ಕರಾರಿನಲ್ಲಿ ಅಡ್ವಾನ್ಸ್ 50,000 ಅಂತ ಬರೆದು 2,00,000 ನಗದು ತೆಗೆದುಕೊಳ್ಳುವ ಪರಿಪಾಠ ಮಿತಿ ಬಂದ ಮೇಲೆ ಇನ್ನೂ ಹೆಚ್ಚುತ್ತದೆ. ಕಾನೂನು ಮಾಡುವವರು ಇದನ್ನು ಈಗಲೇ ಊಹಿಸಬೇಕು.

ಈಗಿನ ವ್ಯವಸ್ಥೆಯಲ್ಲಿ ಅಡ್ವಾನ್ಸ್ ವಾಪಸಿಗೆ ಇರುವ ದಾರಿ ಹಣ ವಸೂಲಿ ದಾವೆ, ಕಾಲಮಿತಿ ಮೂರು ವರ್ಷ. ಬೀಗ ಒಡೆದು ಸಾಮಾನು ಹೊರಗೆ ಹಾಕಿದರೆ ಮಾತ್ರ ಬೇರೆ ದಾರಿ ಇದೆ: 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6. ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ತಪ್ಪಿಸಿದ್ದಕ್ಕೆ ಆರು ತಿಂಗಳೊಳಗೆ ದಾವೆ ಹೂಡಬೇಕು. ಅಲ್ಲಿ ಮನೆ ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಸಿ ತೆಗೆಸಿದ್ದೀರಾ:

ಭೋಗ್ಯದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಅತಿ ದೊಡ್ಡ ಮೊತ್ತ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಅಲ್ಲೇ.

ಭೋಗ್ಯ ಅಂದರೆ 10 ಲಕ್ಷವೋ 15 ಲಕ್ಷವೋ ಒಟ್ಟಿಗೆ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಸಲು ವಾಪಸ್ ಪಡೆಯುವುದು. ಮಾದರಿ ಕಾಯ್ದೆ ಬರೆದವರ ತಲೆಯಲ್ಲಿ ಈ ಪದ್ಧತಿ ಇದ್ದಂತೆ ಕಾಣುವುದಿಲ್ಲ. ಠೇವಣಿ ಎರಡು ತಿಂಗಳ ಬಾಡಿಗೆ ಮೀರಬಾರದು ಅಂದರೆ, ಬಾಡಿಗೆಯೇ ಸೊನ್ನೆ ಇರುವಲ್ಲಿ ಮಿತಿ ಎಷ್ಟು? ಹಾಗೇ ಜಾರಿಯಾದರೆ ಒಂದೋ ಭೋಗ್ಯವೆಲ್ಲ ಕಾನೂನುಬಾಹಿರ, ಅಥವಾ ಎಲ್ಲರೂ ಅದನ್ನು ಸಾಲಪತ್ರದ ರೂಪದಲ್ಲಿ ಬರೆದುಕೊಂಡು ಕಾಯ್ದೆಯಿಂದ ಹೊರಗೆ ಉಳಿಯುತ್ತಾರೆ. ಪತ್ರದಲ್ಲಿ ಭೋಗ್ಯಕ್ಕೆ ಪ್ರತ್ಯೇಕ ಅಧ್ಯಾಯ ಕೇಳಿ: ನೋಂದಣಿ ಕಡ್ಡಾಯ, ಮನೆಯ ಮೇಲಿನ ಸಾಲದ ಘೋಷಣೆ ಕಡ್ಡಾಯ, ಭೋಗ್ಯದ ಹಣಕ್ಕೆ ಮನೆಯ ಮೇಲೆ ಋಣಭಾರದ ಹಕ್ಕು (ಆ ಮನೆಯಿಂದಲೇ ಹಣ ವಸೂಲು ಮಾಡುವ ಹಕ್ಕು).

ಯಾಕೆ ಅಂದರೆ, ಈಗ ಆಗುವ ಅನಾಹುತ ಹೀಗೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿರುತ್ತದೆ. ಮಾಲೀಕರು ಕಂತು ನಿಲ್ಲಿಸುತ್ತಾರೆ. ಬಾಕಿ ಸಾಲಕ್ಕೆ ಅಡವಿನ ಸ್ವತ್ತನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ಬರುತ್ತದೆ. ಭೋಗ್ಯದವರು ಕರಾರು ಪತ್ರ ತೋರಿಸುತ್ತಾರೆ. ಅದು ಮೂರು ವರ್ಷದ್ದು, ನೋಂದಣಿಯಾಗಿಲ್ಲ, ಆದ್ದರಿಂದ ನಿಲ್ಲುವುದಿಲ್ಲ. ನೋಂದಣಿಯಾಗಿದ್ದರೂ ಇನ್ನೊಂದು ತೊಡಕಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 65ಎ ಪ್ರಕಾರ ಅಡವಿಟ್ಟವರು ಕಟ್ಟಡವನ್ನು ಮೂರು ವರ್ಷದವರೆಗೆ ಮಾತ್ರ ಬಾಡಿಗೆಗೆ ಕೊಡಬಹುದು. ಅದೂ ಸಿಗಬಹುದಾದ ಒಳ್ಳೆಯ ಬಾಡಿಗೆಗೆ, ಮುಂಗಡ ಬಾಡಿಗೆ ತೆಗೆದುಕೊಳ್ಳದೆ. ಬಾಡಿಗೆಯೇ ಇಲ್ಲದ ಭೋಗ್ಯ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಅನೇಕ ಸಾಲ ಕರಾರುಗಳು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡುವುದನ್ನೇ ನಿಷೇಧಿಸಿರುತ್ತವೆ. ಕೊನೆಗೆ ಭೋಗ್ಯದವರಿಗೆ ಉಳಿಯುವುದು ಆಗಲೇ ದಿವಾಳಿಯಾಗಿರುವ ಮಾಲೀಕರ ಮೇಲೆ ಹಣದ ದಾವೆ.

ಹಣ ಕೊಡುವ ಮುಂಚೆ ಮಾಡಬೇಕಾದ್ದು: ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ. ಅದೊಂದೇ ಸಾಲದು, ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡಿದ ಅಡಮಾನ ಇಸಿಯಲ್ಲಿ ಕಾಣದೇ ಇರಬಹುದು. ಹಾಗಾಗಿ ಬ್ಯಾಂಕುಗಳ ಅಡಮಾನಗಳು ದಾಖಲಾಗುವ ಕೇಂದ್ರದ ಸೆರ್ಸಾಯ್ ನೋಂದಣಿಯಲ್ಲಿ ಶುಲ್ಕ ಕಟ್ಟಿ ಹುಡುಕಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. "ಮೂಲ ಊರಲ್ಲಿದೆ, ಜೆರಾಕ್ಸ್ ನೋಡಿ" ಅಂದರೆ ಅಲ್ಲಿಗೇ ಎದ್ದು ಬನ್ನಿ.

ಬೀಗದಕೈ:

ಭೋಗ್ಯದ ಹಣಕ್ಕೆ ಮನೆಯ ಮೇಲೆ ಋಣಭಾರ ಅನ್ನುವುದು ಮಾಲೀಕರಿಗೆ ಕಷ್ಟವಾಗುವುದಿಲ್ಲವೇ? ಮನೆ ಮಾರಲು ಹೋದರೆ ಇಸಿಯಲ್ಲಿ ಕಾಣಿಸುತ್ತದೆ.

ಇಸಿ ತೆಗೆಸಿದ್ದೀರಾ:

ಕಾಣಿಸಲಿ ಅಂತಲೇ ಕೇಳುತ್ತಿರುವುದು. 15 ಲಕ್ಷ ಸಾಲ ಬ್ಯಾಂಕಿನಿಂದ ತೆಗೆದಿದ್ದರೆ ಕಾಣಿಸುತ್ತಿರಲಿಲ್ಲವೇ? ಹಣ ವಾಪಸ್ ಕೊಟ್ಟ ದಿನ ತೀರುವಳಿ ಪತ್ರ ನೋಂದಾಯಿಸಿದರೆ ಮುಗಿಯಿತು.

ಸೋರುವ ನಲ್ಲಿ:

ಪೇಂಟಿಂಗ್ ಪ್ರಶ್ನೆಗೆ: ಮಾದರಿ ಕಾಯ್ದೆ ಬಂದರೂ ತಾನಾಗಿ ನಿಲ್ಲುವುದಿಲ್ಲ. ಎರಡನೇ ಅನುಸೂಚಿಯಲ್ಲಿ ಗೋಡೆಗೆ ಸುಣ್ಣ-ಬಣ್ಣ, ಬಾಗಿಲು-ಕಿಟಕಿಯ ಬಣ್ಣ, ರಚನೆಯ ದುರಸ್ತಿ, ಪೈಪ್ ಬದಲಾವಣೆ, ವಿದ್ಯುತ್ ವೈರಿಂಗ್ ಇವು ಮಾಲೀಕರ ಪಾಲಿಗೆ. ನಲ್ಲಿ ಮತ್ತು ವಾಷರ್, ಚರಂಡಿ ಶುಚಿ, ಕಮೋಡ್ ಮತ್ತು ವಾಶ್ ಬೇಸಿನ್ ರಿಪೇರಿ, ಗೀಸರ್, ಸ್ವಿಚ್ಚು-ಸಾಕೆಟ್ಟು, ಬೀಗ-ಹಿಡಿ, ಸೊಳ್ಳೆ ಪರದೆ, ಕಿಟಕಿ ಗಾಜು ಇವು ಬಾಡಿಗೆದಾರರ ಪಾಲಿಗೆ. ಆದರೆ ಈ ಹಂಚಿಕೆ "ಕರಾರಿನಲ್ಲಿ ಬೇರೆ ರೀತಿ ಒಪ್ಪದಿದ್ದರೆ" ಮಾತ್ರ. ಮಾಲೀಕರು ಅಚ್ಚು ಹಾಕಿಸಿಟ್ಟ ಕರಾರಿನಲ್ಲಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ ಅಂತ ಒಂದು ಸಾಲು ಇದ್ದರೆ ಅನುಸೂಚಿ ಪಕ್ಕಕ್ಕೆ. ಎರಡು ವರ್ಷ ಮೀರಿ ಇದ್ದವರಿಂದ ಬಣ್ಣದ ಹಣ ಕಡಿಯುವಂತಿಲ್ಲ, ಕರಾರಿನಿಂದಲೂ ಇದನ್ನು ಮೀರುವಂತಿಲ್ಲ ಅಂತ ನೀವು ಕೇಳಬೇಕು.

ಮಾದರಿ ಕಾಯ್ದೆಯಲ್ಲಿ, ಮಾಲೀಕರು ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು, ಒಂದು ತಿಂಗಳ ಕಡಿತ ಬಾಡಿಗೆಯ ಅರ್ಧ ಮೀರಬಾರದು. 25,000 ಬಾಡಿಗೆಯ ಮನೆಯಲ್ಲಿ 40,000ದ ಪೈಪ್ ಕೆಲಸವಾದರೆ ತಿಂಗಳಿಗೆ 12,500ರಂತೆ ಮೂರು ತಿಂಗಳು, ನಾಲ್ಕನೇ ತಿಂಗಳು 2,500. ಮೊದಲು ಲಿಖಿತ ನೋಟಿಸ್ ಕೊಟ್ಟು, ಬಿಲ್ ಇಟ್ಟುಕೊಳ್ಳುವುದು ಒಳ್ಳೆಯದು. ವಾಟ್ಸಾಪಿನಲ್ಲಿ "ಅಂಕಲ್, ಪೈಪ್ ಸೋರ್ತಿದೆ" ಅಂತ ಹಾಕಿದ್ದನ್ನು ನೋಟಿಸ್ ಅಂತ ಒಪ್ಪುತ್ತಾರೋ ಇಲ್ಲವೋ ಎಂಬ ಜಗಳ ಖಂಡಿತ ಬರುತ್ತದೆ. ನಿಯಮದಲ್ಲೇ ಇಮೇಲ್, ವಾಟ್ಸಾಪ್ ಸಾಕು ಅಂತ ಬರೆಸಿ.

ಪಿಜಿಗಳನ್ನು ಮರೆಯಬೇಡಿ. ಪಿಜಿಯಲ್ಲಿ ಇರುವವರು ಸಾಮಾನ್ಯವಾಗಿ ಬಾಡಿಗೆದಾರರಲ್ಲ, ಪರವಾನಗಿ ಮೇಲೆ, ಅಂದರೆ ಉಳಿಯಲು ಅನುಮತಿ ಮಾತ್ರ ಪಡೆದು ಇರುವವರು. ಕಾಯ್ದೆಯಲ್ಲಿ ಹೆಸರಿಸಿ ಸೇರಿಸದಿದ್ದರೆ ಅವರ ಠೇವಣಿಗೆ ಯಾವ ಮಿತಿಯೂ ಇರುವುದಿಲ್ಲ.

ಕಲಂ ಹುಡುಕುವವ:

ಕೊನೆಯದಾಗಿ ಎರಡು. ಒಂದು, ಹಳೇ ಕರಾರುಗಳ ವಿಚಾರ. ಮಾದರಿ ಕಾಯ್ದೆ ಮುಂದಿನ ಕರಾರುಗಳಿಗೆ ಮಾತ್ರ, ಹಿಂದಿನವಕ್ಕಲ್ಲ. ತಮಿಳುನಾಡು ಮಾತ್ರ ಹಳಬರೂ ಗಡುವಿನೊಳಗೆ ಲಿಖಿತ ಕರಾರು ಮಾಡಿಕೊಳ್ಳಬೇಕು ಎಂದಿತು. ಆ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಕರಾರು ಮಾಡಿಕೊಳ್ಳದಿರುವುದೇ ಅಲ್ಲಿ ತೆರವಿಗೆ ಒಂದು ಕಾರಣ, ದಶಕಗಳಿಂದ ಬಾಯಿಮಾತಿನ ಮೇಲೆ ಇದ್ದವರ ಮೇಲೆ ಅದನ್ನೇ ಹಿಡಿದು ಅರ್ಜಿಗಳು ಬಿದ್ದವು. ಇಲ್ಲಿಯೂ ಅದೇ ಆಗದಿರಲು, ಮಾಲೀಕರೇ ಕರಾರಿಗೆ ಒಪ್ಪದಿದ್ದಲ್ಲಿ ಬಾಡಿಗೆದಾರರು ಒಬ್ಬರೇ ಬಾಡಿಗೆ ಪ್ರಾಧಿಕಾರಕ್ಕೆ ಮಾಹಿತಿ ಸಲ್ಲಿಸಿದರೆ ಸಾಕು ಅಂತ ಕೇಳಿ. ಮಾದರಿ ಕಾಯ್ದೆಯಲ್ಲಿ ಇದರ ಬೀಜ ಇದೆ: ಕರಾರಾದ ಎರಡು ತಿಂಗಳೊಳಗೆ ಇಬ್ಬರೂ ಸೇರಿ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಪ್ಪಿದರೆ ಮುಂದಿನ ಒಂದು ತಿಂಗಳಲ್ಲಿ ತಂತಮ್ಮ ಪಾಡಿಗೆ ತಿಳಿಸಬೇಕು.

ಇನ್ನೊಂದು, ಈ ವಿವಾದಗಳನ್ನು ತೀರ್ಮಾನಿಸುವ ಕುರ್ಚಿಯಲ್ಲಿ ಕೂರುವವರು ಯಾರು. ಮಾದರಿ ಕಾಯ್ದೆಯಲ್ಲಿ ಪ್ರಾಧಿಕಾರಕ್ಕೆ ಉಪ ಜಿಲ್ಲಾಧಿಕಾರಿ ದರ್ಜೆಯವರು, ಬಾಡಿಗೆ ನ್ಯಾಯಾಲಯಕ್ಕೆ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಯವರು, ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಮಾತ್ರ ಜಿಲ್ಲಾ ನ್ಯಾಯಾಧೀಶರು. ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಚುನಾವಣೆ, ನೆರೆ, ಭೂಸ್ವಾಧೀನ ಎಲ್ಲ ಹೊತ್ತ ಅಧಿಕಾರಿಗೇ ಇದನ್ನೂ ಹೊರಿಸಿದರೆ ಗಡುವು ಕಾಗದದಲ್ಲೇ ಉಳಿಯುತ್ತದೆ. ಬೆಂಗಳೂರಿಗಾದರೂ ಪೂರ್ಣಾವಧಿ ಪ್ರಾಧಿಕಾರ ಬೇಕು ಅಂತ ಬರೆಯಿರಿ.

ಪತ್ರದ ರೂಪ: ಎಡಗಡೆ ಕಲಂ ಸಂಖ್ಯೆ, ಈಗಿರುವ ಪದಗಳು, ಬಲಗಡೆ ನೀವು ಬಯಸುವ ಪದಗಳು, ಕೆಳಗೆ ಎರಡೇ ಸಾಲಿನ ಕಾರಣ. ಆರು ಅಂಶ ಸಾಕು: ಅನ್ವಯ ಮಿತಿ, ಠೇವಣಿ ಮತ್ತು ವಾಪಸಾತಿ, ತೆರವಿನ ಗಡುವು, ಭೋಗ್ಯ, ಹಳೇ ಬಾಡಿಗೆದಾರರು, ಪಿಜಿ. ಪೇಂಟಿಂಗ್ ಅನ್ನು ಠೇವಣಿಯ ಕೆಳಗೇ ಸೇರಿಸಿ, ಪ್ರಾಧಿಕಾರದ ವಿಷಯವನ್ನು ಗಡುವಿನ ಜತೆ. ಸ್ವೀಕೃತಿ ಮುದ್ರೆಯಿರುವ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಕ್ಷೇತ್ರದ ಶಾಸಕರಿಗೂ ಒಂದು ಪ್ರತಿ ಹೋಗಲಿ, ಮಸೂದೆ ಸದನಕ್ಕೆ ಬಂದಾಗ ತಿದ್ದುಪಡಿ ಮಂಡಿಸಬಲ್ಲವರು ಅವರೇ.

ಮಹಡಿಮನೆ:

ಎಲ್ಲರಿಗೂ ಧನ್ಯವಾದ. ಎರಡು ತಿಂಗಳೋ ಮೂರು ತಿಂಗಳೋ ಎಂಬುದನ್ನು ಭಾನುವಾರದ ಸಭೆಯಲ್ಲಿ ಮತಕ್ಕೆ ಹಾಕುತ್ತೇವೆ. ಉಳಿದ ಅಂಶಗಳ ಕರಡನ್ನು ಅದಕ್ಕೂ ಮುಂಚೆ ಇಲ್ಲಿ ಹಾಕುತ್ತೇನೆ, ಕಲಂ ಸಂಖ್ಯೆ ತಪ್ಪಿದ್ದರೆ ತಿದ್ದಿ.